ಎಲ್ಲೆಕಲ್ಲು ಮತ್ತು ನ್ಯಾಯದ ತಕ್ಕಡಿ

ಅರಸುಗಳಿದ್ದ ಕಾಲದಲ್ಲಿ ಅಪ್ಪಣೆಯೆಂಬುದು ಅರಸನ ಬಾಯಿಂದ ಹೊರಡುತ್ತಿತ್ತು; ಅದರ ಬೆನ್ನಿಗೆ ಕುದುರೆ, ಕಾಲಾಳು, ಬೊಕ್ಕಸಗಳಿರುತ್ತಿದ್ದುವು. ಇಂದಿನ ನಮ್ಮ ಗಣರಾಜ್ಯದಲ್ಲಿ ಕಡೆಯ ಮಾತು ಯಾರದೆಂದು ಕೇಳಿದರೆ ನ್ಯಾಯಾಲಯದ್ದೆಂದು ಹೇಳುತ್ತೇವೆ. ಆದರೆ ನ್ಯಾಯಾಲಯಕ್ಕೆ ಕುದುರೆಯೂ ಇಲ್ಲ, ಕಾಲಾಳೂ ಇಲ್ಲ, ತನ್ನ ಕೈಯೊಳಗಿನ ಬೊಕ್ಕಸವೂ ಇಲ್ಲ. ಇರುವುದು ಒಂದು ಹಾಳೆ, ಅದರ ಕೆಳಗೊಂದು ಸಹಿ ಮತ್ತು ಮೊಹರು. ಆ ಹಾಳೆಯನ್ನು ಕಂಡು ಸೆರೆಮನೆಯ ಬಾಗಿಲು ತೆರೆಯುತ್ತದೆ, ಮಂತ್ರಿಯಾದವರು ಪೀಠ ಬಿಟ್ಟೇಳುತ್ತಾರೆ, ಅಣೆಕಟ್ಟಿನ ತೂಬು ಮೇಲೇಳುತ್ತದೆ. ಇಷ್ಟು ಬಲ ಒಂದು ಹಾಳೆಗೆ ಎಲ್ಲಿಂದ ಬಂದಿತು?

ಪಾಠಪುಸ್ತಕಗಳು ಇದಕ್ಕೆ ಸಿದ್ಧವಾದ ಉತ್ತರವನ್ನು ಇಟ್ಟುಕೊಂಡಿವೆ: ನಮ್ಮದು ಕಾನೂನಿನ ಆಳ್ವಿಕೆ; ಕಾನೂನಿನ ಮುಂದೆ ಎಲ್ಲರೂ ಸಮಾನರು; ಅದನ್ನು ಕಾಯುವುದು ನ್ಯಾಯಾಲಯದ ಕರ್ತವ್ಯ. ಪೌರನೀತಿಯ ಅಧ್ಯಾಪಕನಾಗಿ ನಾನೂ ಈ ಮೂರು ವಾಕ್ಯಗಳನ್ನು ಹಲವು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. ವಾಕ್ಯಗಳು ನಿಜವೇ. ಆದರೆ ಅವುಗಳ ಬೆಲೆ ತಿಳಿಯುವುದು ತೀರ್ಪು ಯಾರಿಗಾದರೂ ನೋವು ಕೊಟ್ಟಾಗ ಮಾತ್ರ. ನಮ್ಮ ನೆರೆಯವರಿಗೆ ನೋವಾದಾಗ ‘ನ್ಯಾಯ ಗೆದ್ದಿತು’ ಎನ್ನುವುದು ಸುಲಭ. ನಮಗೇ ನೋವಾದಾಗ ಏನೆನ್ನುತ್ತೇವೆ ಎಂಬುದರಲ್ಲಿ ನಮ್ಮ ಕಾನೂನುನಿಷ್ಠೆಯ ನಿಜವಾದ ಪರೀಕ್ಷೆಯಿದೆ. ಈ ಎರಡು ಬಗೆಯ ಪರೀಕ್ಷೆಯೂ ಎರಡೇ ವರ್ಷಗಳ ಅಂತರದಲ್ಲಿ ನಮ್ಮ ತಾಲ್ಲೂಕಿನ ಎಲ್ಲೆಯ ಮೇಲೆ ನಡೆದುಹೋಯಿತು.

ಎಲ್ಲೆಯ ತಾಲ್ಲೂಕು

ಆನೇಕಲ್ ಒಂದು ಕಾಲಕ್ಕೆ ಪಾಳೆಯಗಾರರು ಆಳಿದ ಊರು. ಈಗ ಬೆಂಗಳೂರು ನಗರ ಜಿಲ್ಲೆಯ ದಕ್ಷಿಣದ ಅಂಚಿನ ತಾಲ್ಲೂಕು. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಬೊಮ್ಮಸಂದ್ರ, ಚಂದಾಪುರಗಳನ್ನೂ ದಾಟಿ ಬಂದರೆ ಅತ್ತಿಬೆಲೆ, ಅದರಾಚೆಗೆ ತಮಿಳುನಾಡು. ಅತ್ತಿಬೆಲೆಯ ಅಂಗಡಿಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಜಿಗಣಿ, ಬೊಮ್ಮಸಂದ್ರಗಳ ಕಾರ್ಖಾನೆಗಳಿಗೆ ಆ ಕಡೆಯವರು ಬರುತ್ತಾರೆ. ಹೊಸೂರಿನ ಕಾರ್ಖಾನೆಗಳಿಗೆ ಈ ಕಡೆಯವರು ಹೋಗುತ್ತಾರೆ. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಉಂಟು. ಹೀಗಾಗಿ ದೂರದ ದೆಹಲಿಯಲ್ಲಿ ಒಂದು ತೀರ್ಪು ಹೊರಬಿದ್ದರೆ, ಎರಡು ರಾಜ್ಯಗಳ ಮುಖಭಾವವನ್ನೂ ಒಂದೇ ಸಲ ಕಾಣುವ ಸ್ಥಳ ನಮ್ಮದು.

ಇದೇ ಹೊಸೂರು ರಸ್ತೆಯ ಪಕ್ಕಕ್ಕೆ, ಎಲೆಕ್ಟ್ರಾನಿಕ್ ಸಿಟಿಯ ಸಮೀಪದಲ್ಲಿ, ಪರಪ್ಪನ ಅಗ್ರಹಾರವಿದೆ. ಬೆಂಗಳೂರಿನ ಕೇಂದ್ರ ಕಾರಾಗೃಹ ಈಗ ಇರುವುದು ಅಲ್ಲಿ. 2014ರ ಸೆಪ್ಟೆಂಬರ್ 27ರಂದು ಅಲ್ಲಿಯೇ ಕೂಡಿದ ವಿಶೇಷ ನ್ಯಾಯಾಲಯವೊಂದರಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಅವರು ಒಂದು ತೀರ್ಪನ್ನು ಓದಿದರು. ಆರೋಪಿಯಾಗಿ ಎದುರಿಗಿದ್ದವರು ನೆರೆರಾಜ್ಯದ ಮುಖ್ಯಮಂತ್ರಿ ಜೆ. ಜಯಲಲಿತಾ. ಆದಾಯಕ್ಕೆ ಮೀರಿದ ಆಸ್ತಿಯನ್ನು ಗಳಿಸಿದ ಅಪರಾಧಕ್ಕಾಗಿ ಅವರಿಗೆ 4 ವರ್ಷ ಸೆರೆವಾಸ, 100 ಕೋಟಿ ರೂಪಾಯಿ ದಂಡ. ಸಂಗಡದ ಮೂವರಿಗೂ 4 ವರ್ಷ ಸೆರೆ, ತಲಾ 10 ಕೋಟಿ ದಂಡ. ಬೆಳಗ್ಗೆ ಮುಖ್ಯಮಂತ್ರಿಯಾಗಿ ಬಂದವರು ಸಂಜೆಗೆ ಕೈದಿಯಾಗಿ ಉಳಿದರು. ಶಿಕ್ಷೆಯಾದ ಶಾಸಕರ ಸ್ಥಾನ ಕೂಡಲೇ ತೆರವಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2013ರ ಜುಲೈಯಲ್ಲಿ ಹೇಳಿದ್ದುದರಿಂದ, ಮೇಲ್ಮನವಿಯ ನೆರಳಿನಲ್ಲಿ ಅಧಿಕಾರದಲ್ಲಿ ಮುಂದುವರಿಯುವ ದಾರಿಯೂ ಮುಚ್ಚಿತ್ತು.

ತಮಿಳುನಾಡಿನ ಮೊಕದ್ದಮೆ ಬೆಂಗಳೂರಿಗೆ ಏಕೆ ಬಂದಿತು? ಈ ಕಥೆಯ ತಿರುಳು ಅಲ್ಲಿದೆ. 1991ರಿಂದ 1996ರವರೆಗಿನ ಅಧಿಕಾರಾವಧಿಗೆ ಸಂಬಂಧಿಸಿದ ಈ ಮೊಕದ್ದಮೆ ಚೆನ್ನೈಯಲ್ಲಿ ಮೊದಲಾಯಿತು. ಆರೋಪ 66 ಕೋಟಿ ರೂಪಾಯಿಗೆ ಮೀರಿದ ಆಸ್ತಿಯದು. 2001ರಲ್ಲಿ ಆರೋಪಿಯ ಪಕ್ಷವೇ ಮರಳಿ ಅಧಿಕಾರಕ್ಕೆ ಬಂದಿತು. ಆ ಬಳಿಕ, ಹಿಂದೆ ಸಾಕ್ಷ್ಯ ನುಡಿದಿದ್ದ 76 ಮಂದಿಯನ್ನು ಪುನಃ ಕರೆಸಲಾಯಿತು. ಅವರಲ್ಲಿ 64 ಮಂದಿ ತಮ್ಮ ಹಿಂದಿನ ಮಾತಿನಿಂದ ಹಿಂದೆ ಸರಿದರು. ಸರ್ಕಾರಿ ಅಭಿಯೋಜಕರು ಅದಕ್ಕೆ ಅಡ್ಡಿ ಹೇಳಲಿಲ್ಲ. ಹೇಳುವವರಾರು? ಅಭಿಯೋಜಕರನ್ನು ನೇಮಿಸುವ ಸರ್ಕಾರದ ತಲೆಯಲ್ಲಿ ಕುಳಿತವರೇ ಆರೋಪಿಯ ಕಟಕಟೆಯಲ್ಲಿಯೂ ಇದ್ದರು. ದ್ರಾವಿಡ ಮುನ್ನೇತ್ರ ಕಳಗದ ಕೆ. ಅನ್ಬಳಗನ್ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 2003ರ ನವೆಂಬರ್ 18ರಂದು ನ್ಯಾಯಮೂರ್ತಿ ಎಸ್.ಎನ್. ವರಿಯಾವಾ ಮತ್ತು ಎಚ್.ಕೆ. ಸೇಮಾ ಅವರ ಪೀಠ ಮೊಕದ್ದಮೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಅರ್ಜಿದಾರರೂ ರಾಜಕೀಯದ ಎದುರಾಳಿಯೇ ಅಲ್ಲವೆ ಎಂಬ ಆಕ್ಷೇಪ ಬಂದಿತು. ಎದುರಾಳಿ ಹೇಳಿದ ಮಾತ್ರಕ್ಕೆ ನಿಜವು ಸುಳ್ಳಾಗದೆಂದು ನ್ಯಾಯಾಲಯ ಅದನ್ನು ಬದಿಗಿಟ್ಟಿತು.

ಈ ವರ್ಗಾವಣೆಯ ಅರ್ಥವನ್ನು ವಾಚಕರು ಗಮನಿಸಬೇಕು. ಚೆನ್ನೈಯ ನ್ಯಾಯಾಧೀಶರು ಕೆಟ್ಟವರು, ಬೆಂಗಳೂರಿನವರು ಒಳ್ಳೆಯವರು ಎಂದು ಅದರ ಅರ್ಥವಲ್ಲ. ತನ್ನ ಮೊಕದ್ದಮೆಗೆ ತಾನೇ ತೀರ್ಪುಗಾರನಾಗಬಾರದೆಂಬುದು ನ್ಯಾಯದ ಅತಿ ಹಳೆಯ ಸೂತ್ರ. ತನ್ನ ಮೊಕದ್ದಮೆಗೆ ತಾನೇ ಫಿರ್ಯಾದಿಯೂ ಆಗಬಾರದೆಂಬುದನ್ನು ಈ ವರ್ಗಾವಣೆ ಅದಕ್ಕೆ ಸೇರಿಸಿತು. ಅಭಿಯೋಜನೆಯ ಹೊಣೆ ಕರ್ನಾಟಕದ ಪಾಲಿಗೆ ಬಂದಿತು. ನಮ್ಮ ರಾಜ್ಯಕ್ಕೆ ಈ ಮೊಕದ್ದಮೆಯಿಂದ ಒಂದು ಕಾಸಿನ ಲಾಭವೂ ಇರಲಿಲ್ಲ. ಆ ನಿರ್ಲಿಪ್ತತೆಯೇ ಇಲ್ಲಿ ಅಗತ್ಯವಾಗಿದ್ದ ಅರ್ಹತೆ.

ಕೂಡುವ ಲೆಕ್ಕ

ನ್ಯಾಯಾಲಯ ಎಂದೂ ಎಡವುವುದಿಲ್ಲವೆಂದು ನಾನು ಹೇಳಲಾರೆ. 2015ರ ಮೇ 11ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅವರು ನಾಲ್ವರನ್ನೂ ಬಿಡುಗಡೆ ಮಾಡಿದರು. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇಕಡ 8.12 ಮಾತ್ರ, ಶೇಕಡ 10ರೊಳಗಿನ ಅಂತರವನ್ನು ಅಪರಾಧವೆಂದು ಎಣಿಸಬೇಕಾಗಿಲ್ಲ ಎಂಬುದು ಆ ತೀರ್ಪಿನ ಆಧಾರ. ಸರ್ಕಾರಿ ಅಭಿಯೋಜಕರಾದ ಬಿ.ವಿ. ಆಚಾರ್ಯರು ಅದರಲ್ಲಿದ್ದ ಒಂದು ಪಟ್ಟಿಯನ್ನು ಎತ್ತಿ ತೋರಿಸಿದರು. ಆರೋಪಿಗಳು ಪಡೆದಿದ್ದ ಸಾಲಗಳ ಪಟ್ಟಿ ಅದು. ತೀರ್ಪಿನಲ್ಲಿ ಅದರ ಮೊತ್ತ 24,17,31,274 ರೂಪಾಯಿ. ಅದೇ ಅಂಕಿಗಳನ್ನು ಕೂಡಿದರೆ ಬರುವುದು 10,67,31,274 ರೂಪಾಯಿ. ಹದಿಮೂರೂವರೆ ಕೋಟಿಯ ವ್ಯತ್ಯಾಸ! ಸಾಲದ ಮೊತ್ತ ಉಬ್ಬಿದಾಗ ಆದಾಯ ಉಬ್ಬಿತು. ಆದಾಯ ಉಬ್ಬಿದಾಗ ಅಪರಾಧ ಕುಗ್ಗಿತು. ಕೂಡುವ ಲೆಕ್ಕವನ್ನು ಸರಿಪಡಿಸಿದರೆ ಶೇಕಡ 8 ಎಂಬುದು ಶೇಕಡ 76ನ್ನು ಮೀರುತ್ತಿತ್ತು.

ಆಗ ಏನಾಯಿತು? ಯಾರೂ ಕಲ್ಲೆಸೆಯಲಿಲ್ಲ. ಕರ್ನಾಟಕ ಸರ್ಕಾರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. 2017ರ ಫೆಬ್ರುವರಿ 14ರಂದು ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಅವರು ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿದರು. ಅಷ್ಟರಲ್ಲಿ, 2016ರ ಡಿಸೆಂಬರ್ 5ರಂದು, ಮೊದಲನೆಯ ಆರೋಪಿ ಕಾಲವಶರಾಗಿದ್ದರು. ಮೃತರ ಮೇಲೆ ಶಿಕ್ಷೆ ನಡೆಯದು. ಮಿಕ್ಕವರಲ್ಲಿ ವಿ.ಕೆ. ಶಶಿಕಲಾ ಅವರು ಮರುದಿನವೇ ಚೆನ್ನೈಯಿಂದ ರಸ್ತೆಯ ಮಾರ್ಗವಾಗಿ ಬಂದು ಪರಪ್ಪನ ಅಗ್ರಹಾರದಲ್ಲಿ ಶರಣಾದರು. ಮುಖ್ಯಮಂತ್ರಿಯ ಪದವಿ ಅವರಿಗೆ ಕೈಗೆಟುಕುವಷ್ಟು ಹತ್ತಿರವಿದ್ದ ವಾರವದು.

ಕಾರಾಗೃಹದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಈ ಕೇಂದ್ರ ಕಾರಾಗೃಹ ಮೊದಲು ನಗರದ ನಡುವೆ ಇತ್ತು; ಆ ಸ್ಥಳವೀಗ ಫ್ರೀಡಂ ಪಾರ್ಕ್. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ವಿಚಾರಣೆಯಿಲ್ಲದೆ ಇಟ್ಟಿದ್ದುದು ಅಲ್ಲಿ. ಅವರು ಕರ್ನಾಟಕ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಇಂಥ ಅರ್ಜಿಗಳನ್ನು ಕೇಳುವ ಅಧಿಕಾರ ನ್ಯಾಯಾಲಯಗಳಿಗೆ ಇದೆಯೇ ಎಂಬ ಪ್ರಶ್ನೆ ದೇಶದ ಹಲವು ಉಚ್ಚ ನ್ಯಾಯಾಲಯಗಳಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ‘ಇಲ್ಲ’ ಎಂದರು. ಎಚ್.ಆರ್. ಖನ್ನಾ ಒಬ್ಬರೇ ‘ಇದೆ’ ಎಂದರು. ಅದರ ಬೆಲೆಯಾಗಿ ಮುಖ್ಯ ನ್ಯಾಯಮೂರ್ತಿಯ ಪದವಿ ಅವರಿಗೆ ತಪ್ಪಿತು. ಆ ನಾಲ್ವರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ತಪ್ಪೆಂದು ತಾನೇ ತಳ್ಳಿಹಾಕಿದುದು 2017ರ ಆಗಸ್ಟ್ 24ರಂದು, ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ. ಸರಿಪಡಿಸಿಕೊಳ್ಳಲು ನಾಲ್ವತ್ತೊಂದು ವರ್ಷ ಹಿಡಿಯಿತು. ನ್ಯಾಯಾಲಯದ ತಪ್ಪು ಸಾಮಾನ್ಯ ತಪ್ಪಲ್ಲ. ಮನುಷ್ಯರ ಬಾಳು ಅದರಲ್ಲಿ ಸವೆದುಹೋಗುತ್ತದೆ. ಆದರೂ ತಪ್ಪನ್ನು ತಪ್ಪೆಂದು ಹೇಳಿದ ಬಗೆಯನ್ನು ನೋಡಿರಿ: ಒಮ್ಮೆ ಭಿನ್ನಮತದ ತೀರ್ಪಿನಿಂದ, ಒಮ್ಮೆ ಮೇಲ್ಮನವಿಯಿಂದ, ಒಮ್ಮೆ ಹೊಸ ಅರ್ಜಿಯಿಂದ.

ನೀರಿನ ವರ್ಷ

ಇನ್ನು ಎರಡನೆಯ ಪರೀಕ್ಷೆಗೆ ಬರೋಣ. ಇದು ನಮ್ಮದೇ.

2014ರಲ್ಲಿ ಅತ್ತಿಬೆಲೆಯ ಎಲ್ಲೆಯಲ್ಲಿ ಪೊಲೀಸರು ಕಾವಲು ನಿಂತುದು ಆ ಕಡೆಯ ಸಿಟ್ಟು ಈ ಕಡೆಗೆ ಬಾರದಿರಲೆಂದು. ಒಂದು ತೀರ್ಪಿಗೆ ಬಸ್ಸಿಗೇಕೆ ಕಲ್ಲು ಹೊಡೆಯಬೇಕೆಂದು ಆಗ ನಮ್ಮವರು ತಿಳಿವಳಿಕೆಯ ಮಾತನ್ನಾಡಿದರು. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿಗೆ ಹತ್ತು ದಿನ, ದಿನಕ್ಕೆ 15,000 ಕ್ಯೂಸೆಕ್‌ನಂತೆ, ಕಾವೇರಿ ನೀರು ಬಿಡಬೇಕೆಂದು ಆಜ್ಞಾಪಿಸಿತು. 12ರಂದು ಅದನ್ನು 12,000ಕ್ಕೆ ಇಳಿಸಿತಾದರೂ ದಿನಗಳನ್ನು ಮುಂದುವರಿಸಿತು. ಅಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಉರಿದುವು. ಪೊಲೀಸರ ಗುಂಡಿಗೆ ಜೀವ ಹೋಯಿತು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ಕಲ್ಲು ಬಿದ್ದಿತು. ಅತ್ತಿಬೆಲೆಯಲ್ಲಿ ಈ ಕಡೆಯ ಬಸ್ಸು ಈ ಕಡೆಗೆ, ಆ ಕಡೆಯದು ಆ ಕಡೆಗೆ ನಿಂತವು. ನಡುವಿನ ದಾರಿಯನ್ನು ಜನ ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು ನಡೆದೇ ದಾಟಿದರು.

ಆ ವಾರ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: ‘‘ಸಾರ್, ನಮ್ಮ ಕೆರೆಯಲ್ಲೇ ನೀರಿಲ್ಲ. ಕೋರ್ಟು ಹೇಳಿತು ಅಂತ ಕೊಟ್ಟುಬಿಡಬೇಕಾ?’’ ಅವನ ಪ್ರಶ್ನೆ ಸುಳ್ಳು ಪ್ರಶ್ನೆಯಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ಮಂಡ್ಯದ ರೈತನ ಸಂಕಟ ನಿಜವಾದದ್ದು. ‘‘ತಂಜಾವೂರಿನ ಶಾಲೆಯಲ್ಲೂ ಒಬ್ಬ ಹುಡುಗ ಎದ್ದು ನಿಂತು ತನ್ನ ಮೇಷ್ಟರನ್ನು ಏನೋ ಕೇಳುತ್ತಿರಬಹುದು, ಏನು ಕೇಳುತ್ತಿರಬಹುದು ಹೇಳು’’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘‘ಕೋರ್ಟು ಹೇಳಿದರೂ ಯಾಕೆ ಬಿಡಲಿಲ್ಲ ಅಂತ’’ ಎಂದ. ಇಬ್ಬರು ಹುಡುಗರ ನಡುವೆ ನ್ಯಾಯ ಹೇಳಲು ಮೂರನೆಯವನೊಬ್ಬ ಬೇಕು. ಆ ಮೂರನೆಯವನ ಮಾತನ್ನು ಇಬ್ಬರೂ ಒಪ್ಪಲಾರೆವೆಂದರೆ ಉಳಿಯುವುದು ತೋಳಿನ ಬಲ ಮಾತ್ರ.

ಈ ಪಾಠವನ್ನು ನಮ್ಮ ರಾಜ್ಯ ಅದಕ್ಕೂ ಹಿಂದೆ ಒಮ್ಮೆ ಕೇಳಿತ್ತು. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂಬ ಮಧ್ಯಂತರ ಆಜ್ಞೆ ನೀಡಿತು. ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ ಆ ಆಜ್ಞೆಯನ್ನು ಬದಿಗೊತ್ತಲು ನೋಡಿತು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದಿತು. ವ್ಯಾಜ್ಯದಲ್ಲಿ ಪಕ್ಷಗಾರನಾದ ರಾಜ್ಯ ತಾನೇ ತೀರ್ಪುಗಾರನ ಸ್ಥಾನದಲ್ಲಿ ಕುಳಿತು ಕಾನೂನನ್ನು ಕೈಗೆತ್ತಿಕೊಂಡರೆ ಕಾನೂನಿನ ಆಳ್ವಿಕೆಗೆ ಉಳಿವಿಲ್ಲ ಎಂಬುದು ಅದರ ಸಾರಾಂಶ. ಹನ್ನೆರಡು ವರ್ಷಗಳ ಬಳಿಕ ಚೆನ್ನೈಯಿಂದ ಮೊಕದ್ದಮೆಯನ್ನು ಇತ್ತ ಕಳುಹಿಸಿದ ಸೂತ್ರವೂ ಇದೇ ಅಲ್ಲವೆ? 1991ರಲ್ಲಿ ಅದು ನಮಗೆ ಕಹಿಯಾಯಿತು, 2003ರಲ್ಲಿ ಅವರಿಗೆ. 1991ರ ಡಿಸೆಂಬರಿನಲ್ಲಿ ಆ ಕಹಿಗೆ ಬೆಂಗಳೂರು, ಮೈಸೂರುಗಳಲ್ಲಿ ಬೆಲೆ ತೆತ್ತವರು ನದಿಯ ವ್ಯಾಜ್ಯಕ್ಕೆ ಏನೇನೂ ಸಂಬಂಧವಿಲ್ಲದ ತಮಿಳು ಕೂಲಿಕಾರರು, ಗುಡಿಸಲಿನವರು.

2016ರಲ್ಲಿಯೂ ನಾವು ಅಂಚಿನವರೆಗೆ ಹೋದೆವು. ಸೆಪ್ಟೆಂಬರ್ 23ರಂದು ನಮ್ಮ ವಿಧಾನಮಂಡಲ, ಜಲಾಶಯಗಳ ನೀರು ಕುಡಿಯುವುದಕ್ಕೆ ಮಾತ್ರವೆಂದು ನಿರ್ಣಯ ಮಾಡಿತು. ನ್ಯಾಯಾಲಯದ ಆಜ್ಞೆ ಹಾಗೆಯೇ ನಿಂತಿತು. ಆಗ ರಾಜ್ಯದ ಪರವಾಗಿ ದಶಕಗಳಿಂದ ವಾದಿಸುತ್ತ ಬಂದಿದ್ದ ಹಿರಿಯ ವಕೀಲ ಫಾಲಿ ನಾರಿಮನ್ ಅವರು ಮಾಡಿದ ಕೆಲಸವನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು. ಆಜ್ಞೆಯನ್ನು ಪಾಲಿಸಿರೆಂದು ಅವರು ಸರ್ಕಾರಕ್ಕೆ ಸಲಹೆಯಿತ್ತಿದ್ದರು. ಪಾಲನೆಯಾಗದಿರಲು ಸೆಪ್ಟೆಂಬರ್ 30ರಂದು, ಈ ಸ್ಥಿತಿಯಲ್ಲಿ ತಾವು ವಾದ ಮಂಡಿಸುವುದಿಲ್ಲವೆಂದು ನ್ಯಾಯಪೀಠಕ್ಕೇ ತಿಳಿಸಿದರು. ಕಕ್ಷಿದಾರನ ಹಿತವೂ ನ್ಯಾಯಾಲಯದ ಗೌರವವೂ ಎದುರುಬದುರಾದಾಗ ವಕೀಲನು ಎಲ್ಲಿ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು. ಅಕ್ಟೋಬರ್ 3ರಂದು ವಿಧಾನಮಂಡಲ ಮತ್ತೆ ಸೇರಿ ತನ್ನ ನಿರ್ಣಯವನ್ನು ಸಡಿಲಿಸಿತು. ನದಿಗೆ ನೀರು ಹರಿಯಿತು.

ಹರಿದ ನೀರಿನಿಂದ ರಾಜ್ಯ ಮುಳುಗಿತೇ? 2018ರ ಫೆಬ್ರುವರಿ 16ರಂದು ಅಂತಿಮ ತೀರ್ಪು ಬಂದಿತು. ಅದನ್ನು ಕೊಟ್ಟ ಮೂವರಲ್ಲಿ ಒಬ್ಬರು ಹಿಂದಿನ ವರ್ಷ ಆಸ್ತಿ ಮೊಕದ್ದಮೆಯನ್ನು ತೀರ್ಮಾನಿಸಿದ್ದ ಅದೇ ಅಮಿತಾವ ರಾಯ್. ನ್ಯಾಯಮಂಡಳಿ 2007ರಲ್ಲಿ ಕರ್ನಾಟಕಕ್ಕೆ ಕೊಟ್ಟಿದ್ದ 270 ಟಿ.ಎಂ.ಸಿ. 284.75 ಆಯಿತು; ತಮಿಳುನಾಡಿನ 419 ಟಿ.ಎಂ.ಸಿ. 404.25ಕ್ಕೆ ಇಳಿಯಿತು. ಹೆಚ್ಚಿನ 14.75ರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆ, ಅರ್ಧ ನೀರನ್ನು ನೆಲದಿಂದಲೇ ಪಡೆಯಬಹುದು ಎಂಬ ನ್ಯಾಯಮಂಡಳಿಯ ಲೆಕ್ಕವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಬಸ್ಸು ಸುಟ್ಟ ಗುಂಪಿಗೆ ಒಂದು ಕೊಡ ನೀರೂ ಸಿಕ್ಕಲಿಲ್ಲ. ಕಡತ ಹಿಡಿದು ಲೆಕ್ಕ ಮಂಡಿಸಿದವರಿಗೆ ಸಿಕ್ಕಿತು. ಸಿಕ್ಕದಿದ್ದರೂ ತಲೆಬಾಗಬೇಕಾಗಿತ್ತೆಂಬುದನ್ನು ಮರೆಯಬಾರದು. ಗೆದ್ದಾಗ ಮಾತ್ರ ಒಪ್ಪುವ ಒಪ್ಪಿಗೆ ಒಪ್ಪಿಗೆಯಲ್ಲ.

ಹಾಳೆಯ ಬಲ

ನ್ಯಾಯಾಲಯದ ಮೇಲೆ ನನಗೂ ಆಕ್ಷೇಪಗಳುಂಟು. 1996ರಲ್ಲಿ ಎದ್ದ ಆಸ್ತಿಯ ಮೊಕದ್ದಮೆ ಮುಗಿದುದು 2017ರಲ್ಲಿ. ಅಷ್ಟರಲ್ಲಿ ಪ್ರಧಾನ ಆರೋಪಿಯೇ ಇಲ್ಲವಾಗಿದ್ದರು. ವಿಳಂಬ ಬಲಶಾಲಿಗೆ ಆಶ್ರಯ, ಬಡವನಿಗೆ ಶಿಕ್ಷೆ. ಭಾಷೆ ಇನ್ನೊಂದು ತೊಡಕು. ಸಾಕ್ಷ್ಯ ತಮಿಳಿನಲ್ಲಿ, ವಿಚಾರಣೆ ನಡೆದುದು ಕನ್ನಡದ ನೆಲದಲ್ಲಿ, ತೀರ್ಪು ಇಂಗ್ಲಿಷಿನಲ್ಲಿ. ಯಾರ ಹೆಸರಿನಲ್ಲಿ ನ್ಯಾಯ ನಡೆಯುತ್ತದೆಯೋ ಆ ಜನ ತೀರ್ಪನ್ನು ತಾವೇ ಓದಿ ತಿಳಿಯುವಂತಿರಬೇಕು. ಇವನ್ನು ಗಟ್ಟಿಯಾಗಿ ಹೇಳುವ ಹಕ್ಕು ನಮಗಿದೆ. ತೀರ್ಪನ್ನು ಟೀಕಿಸುವುದು ಬೇರೆ, ಮೀರುವುದು ಬೇರೆ. ಟೀಕೆಯಿಂದ ನ್ಯಾಯಾಲಯ ತಿದ್ದಿಕೊಂಡದ್ದುಂಟು. ಉಲ್ಲಂಘನೆಯಿಂದ ತಿದ್ದಿಕೊಂಡ ಉದಾಹರಣೆಯಿಲ್ಲ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ದೆಹಲಿಯಲ್ಲಿಲ್ಲ. ಆನೇಕಲ್ಲಿನ ತಾಲ್ಲೂಕು ನ್ಯಾಯಾಲಯದಂಥ ಸ್ಥಳಗಳಲ್ಲಿದೆ. ಕಾರ್ಖಾನೆಗಳೂ ಬಡಾವಣೆಗಳೂ ಬಂದ ಮೇಲೆ ನಮ್ಮ ತಾಲ್ಲೂಕಿನ ರಾಗಿಹೊಲಗಳಿಗೆ ಚಿನ್ನದ ಬೆಲೆ ಬಂದಿದೆ. ಅಣ್ಣತಮ್ಮಂದಿರ ಪಾಲಿನ ದಾವೆ, ಮಗಳ ಹಕ್ಕಿನ ದಾವೆ, ಪಹಣಿಯ ಹೆಸರಿನ ತಕರಾರು, ಒತ್ತುವರಿಯ ತಕರಾರು—ಇವುಗಳಿಗೆ ಕೊನೆಯಿಲ್ಲ. ಎಕರೆಗೆ ಕೋಟಿ ಎನ್ನುವ ನೆಲವನ್ನು ಒಂದು ಹಾಳೆಯ ಮಾತಿಗೆ ಕಳೆದುಕೊಂಡ ರೈತ ಕಣ್ಣೊರೆಸಿಕೊಂಡು ಹೊರಬರುತ್ತಾನೆ. ಕುಡುಗೋಲು ಅವನ ಮನೆಯಲ್ಲಿಯೇ ಇದೆ. ಅವನು ಅದನ್ನು ಹುಡುಕುವುದಿಲ್ಲ. ‘ಅಪೀಲಿಗೆ ಎಷ್ಟು ದಿನದ ವಾಯಿದೆ ಸ್ವಾಮಿ?’ ಎಂದು ವಕೀಲರನ್ನು ಕೇಳುತ್ತಾನೆ. ಆ ಪ್ರಶ್ನೆಯೇ ಕಾನೂನಿನ ಆಳ್ವಿಕೆಯ ಅಡಿಗಲ್ಲು. ಮುಖ್ಯಮಂತ್ರಿಯನ್ನು ಸೆರೆಗೆ ಕಳುಹಿಸಿದ ಹಾಳೆಗೂ, ತೂಬನ್ನು ಮೇಲೆತ್ತಿಸಿದ ಹಾಳೆಗೂ ಬಲ ಬಂದದ್ದು ಸೋತ ಮೇಲೂ ಹೀಗೆ ಕೇಳುವ ಸಾವಿರಾರು ಹೆಸರಿಲ್ಲದ ಜನರಿಂದ. ಅವನು ಇಟ್ಟ ನಂಬಿಕೆಗೆ ತಕ್ಕಂತೆ ನಡೆಯುವ ಹೊಣೆ ನ್ಯಾಯಾಧೀಶರದು, ಸರ್ಕಾರದ್ದು. ಎಲ್ಲೆಯ ಎರಡೂ ಕಡೆಯಲ್ಲಿರುವ ನಮ್ಮೆಲ್ಲರದು.